ಓರ್ಡೆಕ್ ಕಂಡ ಸಾವಿರ ಶವಪೆಟ್ಟಿಗೆಗಳು

ಸಲಿಕೆಯೊಂದನ್ನು ಮರೆತು ಬಂದದ್ದರಿಂದ ಮರಳಿನಲ್ಲಿ ಹೂತ ಒಂದು ಊರು ಸಿಕ್ಕಿತು. 1900ರ ಮಾರ್ಚ್ ಕೊನೆಯ ವಾರ. ಸ್ವೀಡನ್ನಿನ ಭೂಶೋಧಕ ಸ್ವೆನ್ ಹೆಡಿನ್ ಒಂಟೆ, ಕುದುರೆ, ಆಳುಗಳನ್ನು ಕಟ್ಟಿಕೊಂಡು ತಕ್ಲಮಕಾನ್ ಮರುಭೂಮಿಯ ಪೂರ್ವಕ್ಕೆ, ಲೋಪ್‌ನೋರ್ ಕೆರೆಯ ಒಣಪಾತ್ರವನ್ನು ದಾಟುತ್ತಿದ್ದ. ಹಗಲು ದಾರಿಯಲ್ಲಿ ಕೆಲವು ಹಾಳು ಮರದ ಮನೆಗಳು ಕಂಡವು. ಅವನ್ನು ಕೆದಕಿ ನೋಡಿ ಮುಂದೆ ಬಂದರು. ಬಿಡಾರ ಹೂಡಿ ನೀರಿಗಾಗಿ ನೆಲ ಅಗೆಯಹೋದರೆ ಸಲಿಕೆಯೇ ಇಲ್ಲ. ಆ ಹಾಳುಮನೆಗಳ ಹತ್ತಿರ ಅದನ್ನು ಬಿಟ್ಟುಬಂದವನು ಓರ್ಡೆಕ್, ತಾರಿಂ ನದಿಯ ಕೆರೆಗಳಲ್ಲಿ ಮೀನು ಹಿಡಿದು ಬದುಕುತ್ತಿದ್ದ ಲೋಪ್ಲಿಕ್ ಜನಾಂಗದವನು, ಕೂಲಿಗೆ ಬಂದ ದಾರಿಕಾರ. ಹೆಡಿನ್ ತನ್ನ ಕುದುರೆಯನ್ನೇ ಕೊಟ್ಟು ಅವನನ್ನು ನಡುರಾತ್ರಿ ಹಿಂದಕ್ಕೆ ಕಳಿಸಿದ.

ಸ್ವಲ್ಪ ಹೊತ್ತಿಗೆ ಬಿರುಗಾಳಿ ಎದ್ದಿತು. ಹೆಜ್ಜೆಗುರುತುಗಳೆಲ್ಲ ಅಳಿಸಿಹೋದವು. ದಾರಿ ತಪ್ಪಿದ ಓರ್ಡೆಕ್ ಹೋಗಿ ಮುಟ್ಟಿದ್ದು ಹಗಲು ಕಂಡ ಮನೆಗಳನ್ನಲ್ಲ, ಇನ್ನೊಂದು ಜಾಗವನ್ನು: ಒಂದು ಮಣ್ಣಿನ ಗೋಪುರ, ಅದರ ಸುತ್ತ ಮರಳಿನಿಂದ ತಲೆ ಎತ್ತಿದ ಕಂಬಗಳು, ಬಳ್ಳಿ ಹೂವಿನ ಕೆತ್ತನೆಯಿದ್ದ ಹಲಗೆಗಳು, ನಾಣ್ಯಗಳು. ಕೊನೆಗೆ ಸಲಿಕೆಯೂ ಸಿಕ್ಕಿತು. ಕೆತ್ತನೆಯ ಎರಡು ಹಲಗೆಗಳನ್ನು ಹೊತ್ತುಕೊಂಡು ತಂಡವನ್ನು ಹಿಡಿದ. ಸಲಿಕೆ ತಾ ಎಂದಷ್ಟೇ ಅವನಿಗೆ ಹೇಳಿದ್ದರು. ಹಲಗೆಗಳನ್ನು ಹೊತ್ತು ತಂದದ್ದು ಅವನದೇ ಬುದ್ಧಿ. ಕಂಡದ್ದಕ್ಕೆ ಬೆಲೆಯಿದೆ ಎಂದು ಗುರುತಿಸಿದ ಆ ಕ್ಷಣವೇ ಆವಿಷ್ಕಾರ ಎಂದು ನಾನು ತಿಳಿಯುತ್ತೇನೆ.

ಹೆಡಿನ್‌ಗೆ ತಿರುಗಿ ಹೋಗುವ ಆಸೆ, ಆದರೆ ಜೊತೆಗಿದ್ದ ನೀರು ಎಣಿಸಿದಷ್ಟು. ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. 1895ರಲ್ಲಿ ಇದೇ ತಕ್ಲಮಕಾನಿನ ಪಶ್ಚಿಮ ಭಾಗವನ್ನು ದಾಟಹೋಗಿ ಅವನ ತಂಡದ ಇಬ್ಬರು ಬಾಯಾರಿ ಸತ್ತಿದ್ದರು. ತೆವಳಿಕೊಂಡು ಖೋತಾನ್ ನದಿಯ ಪಾತ್ರ ಸೇರಿದ ಹೆಡಿನ್, ಹಿಂದೆ ಬಿದ್ದಿದ್ದ ಕಾಸಿಂ ಎಂಬ ಆಳಿಗೆ ತನ್ನ ಬೂಟುಗಳಲ್ಲಿ ನೀರು ತುಂಬಿ ಒಯ್ದು ಕುಡಿಸಿದ್ದ. ಹಾಗಾಗಿ ಈ ಬಾರಿ ಆಸೆಯನ್ನು ಒಂದು ವರ್ಷ ಮುಂದೂಡಿದ.

ಈ ಮರುಭೂಮಿಗೆ ಜನ ಹೆದರುತ್ತಿದ್ದದ್ದು ಬಾಯಾರಿಕೆಗೆ ಮಾತ್ರವಲ್ಲ. ಕರ್ನಾಟಕದ ಒಂದೂವರೆ ಪಟ್ಟಿಗೂ ಹೆಚ್ಚು ಹರವಿನ ಈ ಮರಳಿನಲ್ಲಿ ಸತ್ತವರು ಸುಮ್ಮನೆ ಮಲಗುವುದಿಲ್ಲ ಎಂಬುದು ಹಳೆಯ ನಂಬಿಕೆ. ಕ್ರಿ.ಶ. 400ರ ಸುಮಾರಿಗೆ ಇಲ್ಲಿ ಹಾದುಹೋದ ಬೌದ್ಧ ಭಿಕ್ಷು ಫಾಹಿಯಾನ್, ಇಲ್ಲಿ ದಾರಿಗೆ ಗುರುತೆಂದರೆ ಸತ್ತವರ ಎಲುಬುಗಳೇ ಎಂಬರ್ಥದ ಮಾತು ಬರೆದಿದ್ದಾನೆ. ಬಿಸಿಗಾಳಿಯ ಜೊತೆಗೆ ದುಷ್ಟ ಭೂತಗಳನ್ನೂ ಹೆಸರಿಸಿದ್ದಾನೆ. ಹದಿಮೂರನೆಯ ಶತಮಾನದ ಮಾರ್ಕೋ ಪೋಲೋ ಕೇಳಿಸಿಕೊಂಡ ಕತೆಯಲ್ಲಿ ಅವು ಗುಂಪಿನಿಂದ ಹಿಂದೆ ಬಿದ್ದವನನ್ನು ಅವನ ಹೆಸರು ಹಿಡಿದೇ ಕರೆಯುತ್ತವೆ. ಜೊತೆಗಾರರ ದನಿಯೆಂದು ಓಗೊಟ್ಟು ಹೋದವನು ಮತ್ತೆ ಸಿಗುವುದಿಲ್ಲ. ಗಾಳಿಗೆ ಜಾರುವ ಮರಳಿನ ದಿಣ್ಣೆಗಳು ನಿಜವಾಗಿಯೂ ಗುಂಯ್‌ಗುಡುತ್ತವೆ, ಕೆಲವೊಮ್ಮೆ ತಮಟೆಯಂತೆ ಮೊಳಗುತ್ತವೆ. ನೀರಿಲ್ಲದೆ ನಾಲಗೆ ಒಣಗಿದವನಿಗೆ ಅದರಲ್ಲಿ ಮನುಷ್ಯರ ದನಿ ಕೇಳಿಸಿದರೆ ಆಶ್ಚರ್ಯವಿಲ್ಲ.

ಇದೇ ಭಯದ ಮಗ್ಗುಲಲ್ಲೇ ಚಿನ್ನದ ಕತೆಯೂ ಇದೆ. ಇಮ್ಮಡಿ ಪುಲಕೇಶಿಯ ಶೌರ್ಯವನ್ನು ಬರೆದಿಟ್ಟು ನಮಗೆ ಆಪ್ತನಾದ ಹ್ಯುಯೆನ್ ತ್ಸಾಂಗ್ ಭಾರತದಿಂದ ಹಿಂತಿರುಗುವಾಗ ಖೋತಾನ್ ಸೀಮೆಯಲ್ಲಿ ಒಂದು ಹೂತ ಊರಿನ ಕತೆ ಕೇಳಿದ. ಪವಿತ್ರ ವಿಗ್ರಹವನ್ನು ಕಡೆಗಣಿಸಿದ ಊರಿನ ಮೇಲೆ ಮರಳಿನ ಮಳೆ ಬಿದ್ದು ಎಲ್ಲವೂ ಮುಚ್ಚಿಹೋಯಿತಂತೆ. ಅಲ್ಲಿನ ಸಂಪತ್ತನ್ನು ಅಗೆಯಲು ಅಕ್ಕಪಕ್ಕದ ರಾಜರು ಮತ್ತೆ ಮತ್ತೆ ಬಂದರಂತೆ, ಬಂದಾಗಲೆಲ್ಲ ಗಾಳಿ ಎದ್ದು ಕತ್ತಲು ಕವಿದು ದಾರಿಯೇ ತಪ್ಪುತ್ತಿತ್ತಂತೆ. ಕತೆ ಕೇಳಿ ಹೆದರದವರೂ ಇದ್ದರು. ಹದಿನಾರನೆಯ ಶತಮಾನದ ಹೊತ್ತಿಗೆ ಕಾಶ್ಗರನ್ನು ಆಳುತ್ತಿದ್ದ ಮಿರ್ಜಾ ಅಬಾ ಬಕ್ರ್ ಸರಪಳಿ ಬಿಗಿದ ಕೈದಿಗಳನ್ನು ಹಚ್ಚಿ ಹಾಳೂರುಗಳನ್ನು ಅಗೆಸಿದ. ಖೋತಾನಿನಲ್ಲಂತೂ ನಿಧಿ ಹುಡುಕುವುದೇ ಒಂದು ಕಸುಬಾಯಿತು. ಚಳಿಗಾಲದಲ್ಲಿ ಹಿಮಗಡ್ಡೆಯ ರೂಪದಲ್ಲಿ ನೀರು ಹೊತ್ತು ಹೋಗಬಹುದಾದ್ದರಿಂದ ಅದೇ ಅವರ ಸುಗ್ಗಿ. ವಿಗ್ರಹಗಳಿಗೆ ಹಚ್ಚಿದ್ದ ಚಿನ್ನದ ರೇಕು ಸಿಕ್ಕರೆ ಕೆರೆದುಕೊಳ್ಳುವುದು, ಯೋತ್ಕಾನ್ ಎಂಬಲ್ಲಿ ಹಳೆಯ ರಾಜಧಾನಿಯ ಮಣ್ಣನ್ನೇ ತೊಳೆದು ಚಿನ್ನದ ಚೂರು ಸೋಸುವುದು. ಅಂಥವರಲ್ಲೊಬ್ಬ ಮುದುಕ ತುರ್ದಿ. 1900ರ ಡಿಸೆಂಬರಿನಲ್ಲಿ ಪುರಾತತ್ತ್ವಜ್ಞ ಆರೆಲ್ ಸ್ಟೈನ್‌ನನ್ನು ದಂಡಾನ್ ಓಯ್ಲಿಕ್ ಎಂಬ ಹಾಳೂರಿಗೆ ಕರೆದೊಯ್ದದ್ದು ಅವನೇ. ದಿಣ್ಣೆಗಳು ಜಾಗ ಬದಲಿಸುವ ಆ ಸೀಮೆಯನ್ನು ಅವನು ತನ್ನ ಅಂಗೈಯಷ್ಟು ಬಲ್ಲವನಾಗಿದ್ದ.

ಯುರೋಪಿನವರು ಹಳೆಯ ಬರವಣಿಗೆಗೆ ಹಣ ಕೊಡತೊಡಗಿದಾಗ ಈ ಕಸುಬೂ ತಿರುವು ಪಡೆಯಿತು. 1890ರಲ್ಲಿ ಕುಚಾ ಪಟ್ಟಣದಲ್ಲಿ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಬೋವರ್ ಕೊಂಡದ್ದು ಭೂರ್ಜಪತ್ರದ ಹಸ್ತಪ್ರತಿ. ಆ ಅಧಿಕಾರಿ ಅಲ್ಲಿಗೆ ಹೋದದ್ದು ಒಬ್ಬ ಸ್ಕಾಟ್ಲೆಂಡಿನ ವ್ಯಾಪಾರಿಯನ್ನು ಕೊಂದವನ ಬೆನ್ನು ಹತ್ತಿ. ಸಿಕ್ಕಿದ್ದು ಬೆಳ್ಳುಳ್ಳಿಯ ಗುಣವನ್ನು ಕೊಂಡಾಡುವ ಸಂಸ್ಕೃತದ ವೈದ್ಯಗ್ರಂಥ. ಬೇಡಿಕೆ ಹೆಚ್ಚಿದಂತೆ ಇಸ್ಲಾಂ ಅಖುನ್ ಎಂಬವನು ಯಾರೂ ಓದಲಾಗದ ಲಿಪಿಯನ್ನೇ ತಾನೇ ಹುಟ್ಟಿಸಿ ಮಾರಿದ. ದೊಡ್ಡ ಪಂಡಿತ ಹರ್ನ್ಲೆಯೇ ಅದನ್ನು ನಿಜವೆಂದು ನಂಬಿ ಅಭ್ಯಾಸಕ್ಕೆ ಕೂತಿದ್ದ. 1901ರಲ್ಲಿ ಸ್ಟೈನ್ ಎದುರು ಅಖುನ್ ಎಲ್ಲವನ್ನೂ ಒಪ್ಪಿಕೊಂಡ.

ಅದೇ 1901ರ ಮಾರ್ಚಿನಲ್ಲಿ ಹೆಡಿನ್ ಓರ್ಡೆಕ್ ಕಂಡ ಊರಿಗೆ ಮರಳಿದ. ಬರವಣಿಗೆಯ ತುಣುಕನ್ನು ಮೊದಲು ಹುಡುಕಿದವನಿಗೆ ಇನಾಮು ಎಂದು ಸಾರಿದ. ಕಾಗದದ ಚೂರುಗಳೂ ಬರೆದ ಮರದ ಪಟ್ಟಿಗಳೂ ಕಸದ ಗುಡ್ಡೆಯಿಂದ ಬಂದವು. ಅವುಗಳನ್ನು ಓದಿದಾಗ ಊರಿನ ಹೆಸರು ತಿಳಿಯಿತು: ಲೌಲಾನ್. ಚೀನಾದ ಹಳೆಯ ಇತಿಹಾಸಗಳಲ್ಲಿ ಹೆಸರಿದ್ದೂ ನೆಲದ ಮೇಲೆ ಕಾಣದಾಗಿದ್ದ ರಾಜ್ಯ. ಮುಂದೆ ಸ್ಟೈನ್ ಕೂಡ ಅಲ್ಲಿ ಅಗೆದ. ಚೀನೀ ಬರಹದ ಜೊತೆಗೆ ಖರೋಷ್ಠಿ ಲಿಪಿಯ ಪ್ರಾಕೃತವೂ ಅಲ್ಲಿ ಸಿಕ್ಕಿತು. ಈ ಲಿಪಿ ನಮಗೂ ದೂರದ್ದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಚಿತ್ರದುರ್ಗದ ಬಂಡೆಯಿಂದ ಲೋಪ್‌ನೋರ್‌ನ ಮರಳಿನವರೆಗೆ ಒಂದೇ ಲಿಪಿಯ ಗುರುತು ಹಾಸಿರುವುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಓರ್ಡೆಕ್‌ನ ಕತೆ ಇಲ್ಲಿಗೆ ಮುಗಿದಿದ್ದರೆ ಅವನು ಹೆಡಿನ್‌ನ ಪುಸ್ತಕದ ಒಂದು ಅಧ್ಯಾಯದಲ್ಲಿ ಸಲಿಕೆ ಮರೆತ ಆಳಾಗಿ ಉಳಿಯುತ್ತಿದ್ದ. ಆದರೆ ಹೆಡಿನ್ ಹೋದ ಮೇಲಿನ ವರ್ಷಗಳಲ್ಲೊಮ್ಮೆ ಅವನು ಮರುಭೂಮಿಯಲ್ಲಿ ಇನ್ನೊಂದು ಜಾಗವನ್ನು ಕಂಡಿದ್ದ. ಸಾವಿರ ಶವಪೆಟ್ಟಿಗೆಗಳಿರುವ ದಿಬ್ಬ. ಅಲ್ಲಿ ಕೆಟ್ಟ ದೆವ್ವಗಳಿವೆ, ಹತ್ತಿರ ಸುಳಿದವರಿಗೆ ಒಳಿತಾಗದು ಎಂಬುದು ಅವನ ಗಟ್ಟಿ ನಂಬಿಕೆ.

1934ರಲ್ಲಿ ಹೆಡಿನ್ ಮತ್ತೆ ಆ ಸೀಮೆಗೆ ಬಂದ. ಈಗ ಅವನಿಗೆ ಎಪ್ಪತ್ತರ ಹತ್ತಿರ. ಚೀನಾ ಸರ್ಕಾರದ ಪರವಾಗಿ ಮೋಟಾರು ರಸ್ತೆಗೆ ದಾರಿ ಅಳೆಯುವ ಕೆಲಸ. ಬಂದದ್ದು ಯುದ್ಧದ ನಡುವೆ. ಒಂದು ಕಡೆ ಮಾ ಝೊಂಗ್‌ಯಿಂಗ್ ಎಂಬ ಹದಿಹರೆಯದಲ್ಲೇ ದಂಡು ಕಟ್ಟಿದ ಸೇನಾನಿ. ಇನ್ನೊಂದು ಕಡೆ ಉರುಮ್ಚಿಯಲ್ಲಿದ್ದ ಪ್ರಾಂತ ಸರ್ಕಾರದ ಪಡೆ. ಅದರಲ್ಲಿ ಕ್ರಾಂತಿಯಲ್ಲಿ ದೇಶ ಕಳೆದುಕೊಂಡು ಬಂದ ಬಿಳಿ ರಷ್ಯನ್ ಸೈನಿಕರು ಪರರ ಯುದ್ಧಕ್ಕಾಗಿ ಬಂದೂಕು ಹಿಡಿದಿದ್ದರು. ಓಡಿಹೋಗುತ್ತಿದ್ದ ಮಾ ಕಡೆಯ ಸೈನಿಕರು ಕೊರ್ಲಾ ಪಟ್ಟಣದಲ್ಲಿ ಬಂದೂಕು ತೋರಿಸಿ ಹೆಡಿನ್‌ನ ಲಾರಿಗಳನ್ನು ಕಿತ್ತುಕೊಂಡರು. ಗೆದ್ದ ಪಡೆಯವರು ಬಂದ ಮೇಲೆ, ಕಾಳಗದ ದಾರಿಯಿಂದ ದೂರ ಸರಿದು ಕೆಲವು ಕಾಲ ಲೋಪ್‌ನೋರ್ ಕಡೆ ಇರಿ ಎಂದರು. ಹೆಡಿನ್‌ಗೆ ಬೇಕಾದದ್ದೂ ಅದೇ. 1921ರಲ್ಲಿ ತಾರಿಂ ನದಿ ತನ್ನ ಹಳೆಯ ಪಾತ್ರಕ್ಕೆ ಮರಳಿ, ಬತ್ತಿದ ಕೆರೆ ತುಂಬಿತ್ತು. 1900ರಲ್ಲಿ ಒಣನೆಲದ ಮೇಲೆ ನಡೆದಿದ್ದ ದಾರಿಯಲ್ಲೇ ಈಗ ಅವನು ದೋಣಿಯಲ್ಲಿ ಹೋದ.

ಹೆಡಿನ್ ಬಂದ ಸುದ್ದಿ ಕೇಳಿ ಓರ್ಡೆಕ್ ಬಂದ. ಅವನೂ ಮುದುಕನಾಗಿದ್ದ. ಮೂವತ್ತು ವರ್ಷ ದಾಟಿ ಭೇಟಿಯಾದ ಹಳೆಯ ಯಜಮಾನನಿಗೆ ಶವಪೆಟ್ಟಿಗೆಗಳ ದಿಬ್ಬದ ಮಾತು ಹೇಳಿದ. ಹೆಡಿನ್ ಅದನ್ನು ಹುಡುಕುವ ಕೆಲಸವನ್ನು ತಂಡದ ಪುರಾತತ್ತ್ವಜ್ಞ ಫೋಲ್ಕೆ ಬರ್ಗ್‌ಮನ್‌ಗೆ ಒಪ್ಪಿಸಿದ. ದಾರಿ ತೋರುವವನು ಓರ್ಡೆಕ್.

ಹುಡುಕಾಟ ಬೇಸಿಗೆಗೆ ಬಿದ್ದಿತು. ಬಿಸಿಲು, ಸೊಳ್ಳೆ, ಜೊಂಡಿನ ಕೊರಕಲುಗಳು. ಓರ್ಡೆಕ್ ಸುತ್ತಿಸಿದ, ಸುತ್ತಿಸಿದ, ದಿಬ್ಬ ಸಿಗಲಿಲ್ಲ. ಹೊಸದಾಗಿ ತುಂಬಿದ ಕೆರೆ ಅದನ್ನು ನುಂಗಿರಬೇಕು ಎಂದ. ಬಿರುಗಾಳಿ ಹೂತಿರಬೇಕು ಎಂದ. ನನಗನ್ನಿಸುವಂತೆ ಅವನ ಮನಸ್ಸು ಎರಡಾಗಿತ್ತು: ಮಾತು ಕೊಟ್ಟಿದ್ದಾನೆ, ಹೋಗಲು ಇಷ್ಟವಿಲ್ಲ. ಕೊನೆಗೆ ತಂಡ ಹೆಸರಿಲ್ಲದ ಒಂದು ಕವಲು ತೊರೆಯ ಗುಂಟ ಇಳಿಯಿತು. ಬರ್ಗ್‌ಮನ್ ಅದನ್ನು ಸುಮ್ಮನೆ ‘ಸಣ್ಣ ಹೊಳೆ’ ಎಂದು ಗುರುತು ಹಾಕಿಕೊಂಡ. ಜೂನ್ ಮೊದಲಲ್ಲಿ ಆ ಹೊಳೆಯ ಪೂರ್ವಕ್ಕೆ, ದೂರದಲ್ಲಿ, ಒತ್ತಾಗಿ ನಿಂತ ಕಂಬಗಳ ಒಂದು ದಿಬ್ಬ ಕಂಡಿತು. ಓರ್ಡೆಕ್ ಕೈ ತೋರಿಸಿದ.

ಹತ್ತಿರ ಹೋದರೆ ಅದು ಮರಳಿನಿಂದ ಏಳೆಂಟು ಮೀಟರ್ ಎತ್ತರಕ್ಕೆ ಎದ್ದ ದಿಬ್ಬ. ಒಣ ಪೋಪ್ಲರ್ ಮರದ ಕಂಬಗಳು ನೆಟ್ಟಗೆ ನಿಂತಿವೆ, ಗಾಳಿ ತಿಂದು ತುದಿ ಚೂಪಾಗಿದೆ. ಇಳಿಜಾರಿನ ತುಂಬ ಪೆಟ್ಟಿಗೆಗಳ ಬಾಗಿದ ಹಲಗೆಗಳು, ತಲೆಬುರುಡೆಗಳು, ಎಲುಬುಗಳು, ದಪ್ಪ ಉಣ್ಣೆಯ ಚಿಂದಿ. ನಿಧಿಗಳ್ಳರು ಆಗಲೇ ಬಂದು ಹೋಗಿದ್ದರು. ಚಿನ್ನಕ್ಕಾಗಿ ಪೆಟ್ಟಿಗೆಗಳನ್ನು ಒಡೆದು, ಒಳಗಿದ್ದವರನ್ನು ಹೊರಗೆಸೆದಿದ್ದರು. ಹಾಗೆ ಎಸೆದ ಕೆಲವು ಮುಖಗಳಲ್ಲಿ ಕೂದಲು, ಚರ್ಮ, ರೆಪ್ಪೆ ಹಾಗೇ ಇದ್ದವು. ದೆವ್ವದ ಮಾತು ಎಲ್ಲಿಂದ ಹುಟ್ಟಿತೆಂದು ಕೇಳಬೇಕಾಗಿಲ್ಲ. ಊರೇ ಇಲ್ಲದ ಕಡೆ, ಯಾವ ಕಾಲದವರೆಂದು ತಿಳಿಯದ ಜನ, ಈಗ ತಾನೇ ಕಣ್ಣು ಮುಚ್ಚಿದಂತೆ ಬಿದ್ದಿರುವುದನ್ನು ಒಬ್ಬಂಟಿಯಾಗಿ ಕಂಡವನು ಇನ್ನೇನೆಂದು ತಿಳಿಯಬೇಕು?

ಬರ್ಗ್‌ಮನ್ ಹನ್ನೆರಡು ಗೋರಿಗಳನ್ನು ಅಗೆದ. ಗುರುತು ಹಾಕಿದ, ಚಿತ್ರ ಬರೆದ, 1939ರಲ್ಲಿ ಪುಸ್ತಕ ಅಚ್ಚಾಯಿತು. ಅದರಲ್ಲಿ ಆ ಮಸಣವನ್ನು ಓರ್ಡೆಕನ ಹೆಸರಿನಿಂದಲೇ ಕರೆದ. ಕೂಲಿಯವನ ಹೆಸರನ್ನು ತಾಣಕ್ಕಿಟ್ಟ ಆ ಪ್ರಾಮಾಣಿಕತೆಗಾಗಿ ಬರ್ಗ್‌ಮನ್‌ನ ಮೇಲೆ ನನಗೆ ವಿಶೇಷ ಗೌರವ. ಇಂದು ಪುರಾತತ್ತ್ವದವರು ಬಳಸುವುದು ‘ಶಾವ್‌ಹೆ’ ಎಂಬ ಚೀನೀ ಹೆಸರನ್ನು, ಅಂದರೆ ಬರ್ಗ್‌ಮನ್ ಹೊಳೆಗೆ ಕೊಟ್ಟ ಆ ತಾತ್ಕಾಲಿಕ ಗುರುತನ್ನೇ. ಓರ್ಡೆಕ್ ಅಡಿಟಿಪ್ಪಣಿಗೆ ಸರಿದಿದ್ದಾನೆ, ಇದು ಸರಿಯಲ್ಲ.

ಬರ್ಗ್‌ಮನ್ ಅಗೆದು ಹೋದ ಮೇಲೆ ಅರವತ್ತಾರು ವರ್ಷ ವಿದ್ವಾಂಸರು ಯಾರೂ ಅತ್ತ ಕಾಲಿಡಲಿಲ್ಲ. ಯುದ್ಧ, ಕ್ರಾಂತಿ. 1964ರಿಂದ ಲೋಪ್‌ನೋರ್ ಸೀಮೆಯ ಒಂದು ಭಾಗ ಚೀನಾದ ಅಣುಬಾಂಬ್ ಪರೀಕ್ಷೆಯ ನೆಲವಾಯಿತು. ಮೇಲೆ ಕಟ್ಟಿದ ಅಣೆಕಟ್ಟುಗಳಿಂದ ನದಿ ಸೊರಗಿ, 1970ರ ದಶಕದ ಹೊತ್ತಿಗೆ ಮರಳಿ ಬಂದಿದ್ದ ಕೆರೆ ಮತ್ತೆ ಬತ್ತಿತು. ಅತ್ತ ಲೌಲಾನ್ ಕಡೆಯ ಬೇರೆ ಗೋರಿಗಳಿಂದ 1979, 1980ರಲ್ಲಿ ಸುಮಾರು ನಾಲ್ಕು ಸಾವಿರ ವರ್ಷ ಹಳೆಯ ಶವಗಳು ಬಂದವು. ಅವುಗಳಲ್ಲೊಂದು ‘ಲೌಲಾನಿನ ಸುಂದರಿ’ ಎಂದು ಹೆಸರಾಯಿತು. ಬರ್ಗ್‌ಮನ್‌ನ ದಿಬ್ಬವೂ ಅಷ್ಟೇ ಹಳೆಯದಿರಬಹುದೆಂಬ ಯೋಚನೆ ಬಲವಾಯಿತು. 2000ದ ಡಿಸೆಂಬರಿನಲ್ಲಿ ವಾಂಗ್ ಬಿಂಗ್‌ಹುವಾ ಎಂಬ ಪುರಾತತ್ತ್ವಜ್ಞರು ಜಿಪಿಎಸ್ ಹಿಡಿದು, ಬರ್ಗ್‌ಮನ್‌ನ ನಕ್ಷೆ ಹಿಡಿದು ಅಲ್ಲಿಗೆ ತಲುಪಿದರು. ಕಂಬಗಳು ನಿಂತೇ ಇದ್ದವು. ಇದ್ರಿಸ್ ಅಬ್ದುರಸೂಲ್ ಅವರ ಮುಂದಾಳತ್ವದಲ್ಲಿ 2002ರಿಂದ 2005ರವರೆಗೆ ಷಿನ್‌ಜಿಯಾಂಗ್ ಪುರಾತತ್ತ್ವ ಸಂಸ್ಥೆ 167 ಗೋರಿಗಳನ್ನು ಪದರ ಪದರವಾಗಿ ಬಿಡಿಸಿತು. ದಿಬ್ಬವೆಂದು ಕಂಡದ್ದು ಬೆಟ್ಟವಾಗಿರಲಿಲ್ಲ. ಗೋರಿಯ ಮೇಲೆ ಗೋರಿ, ನಡುವೆ ಗಾಳಿ ತಂದ ಮರಳು, ಹೀಗೆ ಐದು ಪದರಗಳಲ್ಲಿ ಸತ್ತವರಿಂದಲೇ ಬೆಳೆದ ದಿಬ್ಬ.

ಒಂದೊಂದು ಪೆಟ್ಟಿಗೆಯನ್ನೂ ನಿಧಾನವಾಗಿ ನೋಡಬೇಕು. ಎರಡು ಬಾಗಿದ ಹಲಗೆಗಳು ಎರಡೂ ತುದಿಯಲ್ಲಿ ಕೂಡುತ್ತವೆ, ತಳವಿಲ್ಲ, ಒಟ್ಟು ಆಕಾರ ಮಗುಚಿಟ್ಟ ದೋಣಿ. ಮೇಲೆ ಅಡ್ಡ ಹಲಗೆಗಳ ಮುಚ್ಚಳ. ಅದರ ಮೇಲೆ ಆಗ ತಾನೇ ಸುಲಿದ ದನದ ತೊಗಲನ್ನು ಹೊದಿಸುತ್ತಿದ್ದರು. ಹಸಿ ತೊಗಲು ಒಣಗುತ್ತ ಮದ್ದಳೆಯ ಮುಖದಂತೆ ಬಿಗಿದು ಪೆಟ್ಟಿಗೆಯನ್ನು ಮುಚ್ಚಿಬಿಡುತ್ತಿತ್ತು. ಮರಳಿಗೂ ಒಳಗೆ ದಾರಿಯಿಲ್ಲ. ಹೆಂಗಸರ ಪೆಟ್ಟಿಗೆಯ ಮುಂದೆ ಎತ್ತರದ ಕಂಬ, ಗಂಡಸರ ಮುಂದೆ ಅಂಬಿಗರ ಹುಟ್ಟಿನಾಕಾರದ ಹಲಗೆ. ಇವು ಗಂಡು ಹೆಣ್ಣಿನ, ಜನನದ ಸಂಕೇತಗಳೆಂದು ಅಗೆದವರು ಓದುತ್ತಾರೆ. ಒಳಗೆ ಉಣ್ಣೆಯ ಕಂಬಳಿ ಸುತ್ತಿಕೊಂಡು, ಗರಿ ಸಿಕ್ಕಿಸಿದ ಫೆಲ್ಟ್ ಟೋಪಿ ತೊಟ್ಟು, ತೊಗಲಿನ ಬೂಟು ಹಾಕಿಕೊಂಡು ಮಲಗಿದವರು. ಪಕ್ಕದಲ್ಲಿ ಹುಲ್ಲಿನಿಂದ ಹೆಣೆದ ಬುಟ್ಟಿ, ಗೋಧಿಯ ಕಾಳು, ಎಫಿಡ್ರಾ ಗಿಡದ ಕಡ್ಡಿಗಳು. ಕೆಲವು ಪೆಟ್ಟಿಗೆಗಳಲ್ಲಿ ಮನುಷ್ಯರ ಬದಲು ಮರದಲ್ಲಿ ಕಡೆದ ಮನುಷ್ಯಾಕೃತಿಗಳಿದ್ದವು. ಎಲ್ಲೋ ಸತ್ತು ದೇಹ ಸಿಗದವರಿಗೂ ತಮ್ಮವರ ನಡುವೆ ಒಂದು ಜಾಗ ಇರಲೆಂದು ಹಾಗೆ ಮಾಡಿದರೇನೋ. ಈ ಜನರ ಬಗ್ಗೆ ನನ್ನನ್ನು ಹೆಚ್ಚು ಕರಗಿಸಿದ್ದು ಅದೇ.

2003ರಲ್ಲಿ ಈ ದಿಬ್ಬದಿಂದ ಹೊರಬಂದ ಒಬ್ಬ ಹೆಣ್ಣು ಲೋಕಕ್ಕೆಲ್ಲ ಪರಿಚಿತಳಾದಳು. ಬಿಳಿ ಟೋಪಿ, ಉದ್ದನೆಯ ರೆಪ್ಪೆಗಳು, ಮುಚ್ಚಿದ ತುಟಿ. ‘ಶಾವ್‌ಹೆಯ ರಾಜಕುಮಾರಿ’ ಎಂದು ಕರೆದರು. ಅವಳು ರಾಜಕುಮಾರಿಯಾಗಿದ್ದಳೆಂದು ಹೇಳುವ ಯಾವ ಗುರುತೂ ಇಲ್ಲ. ಈಜಿಪ್ತಿನಲ್ಲಿ ಮಾಡುತ್ತಿದ್ದಂತೆ ಒಳಾಂಗ ತೆಗೆದು ಮದ್ದು ಸವರಿ ಇವರನ್ನು ಕಾಪಿಟ್ಟದ್ದಲ್ಲ. ಮಳೆ ವರ್ಷಕ್ಕೆ 50 ಮಿ.ಮೀ. ಕೂಡ ಇಲ್ಲದ ಸೀಮೆಯ ಒಣಗಾಳಿ, ಉಪ್ಪುಮಣ್ಣು, ಕೊರೆಯುವ ಚಳಿಗಾಲ ಇವೇ ಆ ಕೆಲಸ ಮಾಡಿದವು. ಕೊಳೆಸುವ ಜೀವಾಣುಗಳಿಗೆ ಬೇಕಾದ ನೀರು ದೇಹದಿಂದ ಬೇಗ ಆರಿಹೋದರೆ ಕೊಳೆಯುವುದು ನಿಲ್ಲುತ್ತದೆ, ಅಷ್ಟೇ.

ಇವರು ಯಾರು? ಕೆಂಚು ಕೂದಲು, ನೀಳ ಮೂಗು ನೋಡಿ ಪಶ್ಚಿಮದ ಹುಲ್ಲುಗಾವಲಿನಿಂದ ದನ ಹೊಡೆದುಕೊಂಡು ವಲಸೆ ಬಂದವರೆಂದು ಬಹುಕಾಲ ಬರೆದರು. 2021ರಲ್ಲಿ ತಾರಿಂ ಕಣಿವೆಯ 13 ಶವಗಳ ಡಿಎನ್‌ಎ ಓದಿದಾಗ ಆ ಕತೆ ಬಿದ್ದುಹೋಯಿತು. ಅವರು ವಲಸೆಗಾರರಲ್ಲ. ಹಿಮಯುಗದಲ್ಲಿ ಉತ್ತರ ಯುರೇಷ್ಯಾದ ಉದ್ದಗಲಕ್ಕೆ ಹರಡಿದ್ದ, ಆಮೇಲೆ ಎಲ್ಲೆಡೆ ಬೇರೆಯವರಲ್ಲಿ ಬೆರೆತುಹೋದ ಒಂದು ಪುರಾತನ ಜನದ ಉಳಿಕೆ. ಇಲ್ಲಿ ಸಾವಿರಾರು ವರ್ಷ ಬೆರೆಯದೆ ಉಳಿದವರು. ರಕ್ತದಲ್ಲಿ ಬೆರೆಯದವರು ಬದುಕಿನಲ್ಲಿ ಮಾತ್ರ ಎಲ್ಲರಿಂದಲೂ ಕಲಿತರು: ಪಶ್ಚಿಮದ ಗೋಧಿ ಮತ್ತು ದನ, ಪೂರ್ವದ ಕಿರುಧಾನ್ಯ.

ರಾಜಕುಮಾರಿಯ ಕೊರಳ ಬಳಿಯೂ ಇನ್ನು ಕೆಲವರ ಮೈಮೇಲೂ ಹಳದಿ ಉಂಡೆಗಳಿದ್ದವು. ಅವು ಗಿಣ್ಣು, ಅಂದರೆ ಚೀಸ್, ಎಂದು 2014ರಲ್ಲಿ ಖಚಿತವಾಯಿತು. ಲೋಕದಲ್ಲಿ ಸಿಕ್ಕ ಅತಿ ಹಳೆಯ ಗಿಣ್ಣುಗಳಲ್ಲಿ ಇದೂ ಒಂದು. 2024ರಲ್ಲಿ ಅದರ ಡಿಎನ್‌ಎಯನ್ನೂ ಓದಿದರು: ಹಸುವಿನ ಹಾಲು, ಆಡಿನ ಹಾಲು, ಹೆಪ್ಪಿಗೆ ಕೆಫಿರ್ ಎಂಬ ಹುಳಿಹಾಲನ್ನು ಇಂದಿಗೂ ಮಾಡುವ ಬ್ಯಾಕ್ಟೀರಿಯಾ. ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಈ ಜನರ ಹೊಟ್ಟೆಗೆ ಇರಲಿಲ್ಲ. ಹೆಪ್ಪು ಹಾಕಿ ಹುಳಿಸಿದರೆ ಆ ಸಕ್ಕರೆ ಕಡಿಮೆಯಾಗುತ್ತದೆ. ಹಾಗೆ ಹುಳಿಸಿ ಉಂಡರು. ಸತ್ತವರ ಜೊತೆಗೂ ಅದನ್ನೇ ಬುತ್ತಿ ಕಟ್ಟಿದರು.

ನಿಧಿಗಳ್ಳರು ಹುಡುಕಿದಂಥ ಚಿನ್ನದ ರಾಶಿ ಆ ದಿಬ್ಬದಲ್ಲಿ ಇರಲಿಲ್ಲ. ಇಡೀ ಮಸಣದಲ್ಲಿ ಲೋಹವೇ ಅಪರೂಪ. ಆದರೆ ಅವರು ಒಡೆದು ಚೆಲ್ಲಿದ ಪೆಟ್ಟಿಗೆಗಳಲ್ಲೂ ಇಂಥದೇ ಬುತ್ತಿ, ಬುಟ್ಟಿ, ಕಾಳುಗಳಿದ್ದಿರಬೇಕು. ಯಾರ ಪಕ್ಕ ಯಾವುದಿತ್ತು, ತಾಯಿಯ ಹತ್ತಿರ ಮಗುವಿತ್ತೇ ಎಂಬುದು ಇನ್ನು ತಿಳಿಯುವ ದಾರಿಯಿಲ್ಲ. ಈ ಸೀಮೆಯಿಂದ ನೂರಾರು ಕಿಲೋಮೀಟರ್ ಪಶ್ಚಿಮಕ್ಕೆ, ಕೆರಿಯಾ ನದಿಯ ಬತ್ತಿದ ಪಾತ್ರದಲ್ಲಿ, 2008ರಲ್ಲಿ ಇನ್ನೊಂದು ಇಂಥದೇ ಮಸಣ ಪತ್ತೆಯಾಯಿತು. ಅದೇ ದೋಣಿಯಾಕಾರದ ಪೆಟ್ಟಿಗೆಗಳು, ಅದೇ ಕಂಬಗಳು, ಅಷ್ಟು ದೂರದಲ್ಲಿದ್ದೂ ರಕ್ತದಲ್ಲಿ ಶಾವ್‌ಹೆಯವರಿಗೆ ತೀರ ಹತ್ತಿರದ ಜನ. ಅಲ್ಲಿಗೂ ನಿಧಿಗಳ್ಳರು ಮೊದಲೇ ತಲುಪಿದ್ದರು.